ಮಜ್ಜೆಯ ಕಸಿಯೂ ಅನಂತರದ ಆರೈಕೆಯೂ

ರಕ್ತದ ಕ್ಯಾನ್ಸರ್, ಥಲಸೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾ ಮೊದಲಾದ ಕೆಲವು ಕಠಿಣ ರೋಗಗಳಿಗೆ ಮಜ್ಜೆಯ ಕಸಿ ಎಂಬ ಚಿಕಿತ್ಸೆಯುಂಟೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿ ಬಲ್ಲರು. ಈ ಚಿಕಿತ್ಸೆಗಾಗಿ ಊರಿನಿಂದ ಮುಂಬಯಿಗೆ ಬರುವ ಬಂಧುಗಳನ್ನು ತಮ್ಮ ಒಂದೇ ಕೋಣೆಯ ಬಿಡಾರದಲ್ಲಿ ಇಳಿಸಿಕೊಂಡು, ಆಸ್ಪತ್ರೆಯಲ್ಲಿ ದುಭಾಷಿಗಳಾಗಿ ನಿಲ್ಲುವವರೂ ನಮ್ಮಲ್ಲಿ ಉಂಟು. ಅಂತಹವರಿಗೆ ಪ್ರಯೋಜನವಾಗಲೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಕಸಿ ಆಯಿತೆಂದರೆ ಗಂಡಾಂತರ ಕಳೆಯಿತೆಂದು ಸಾಮಾನ್ಯವಾಗಿ ಜನ ಭಾವಿಸುತ್ತಾರೆ. ವಾಸ್ತವವಾಗಿ ಕಸಿ ಮಾಡುವ ಕೆಲಸ ಒಂದೆರಡು ಗಂಟೆಯದು. ಅದನ್ನು ಉಳಿಸಿಕೊಳ್ಳುವ ಕೆಲಸ ತಿಂಗಳುಗಟ್ಟಲೆಯದು. ಅದರಲ್ಲಿ ಅರ್ಧ ಭಾಗವನ್ನು ಡಾಕ್ಟರರು ಮಾಡಿದರೆ, ಉಳಿದರ್ಧವನ್ನು ಮನೆಯವರೇ ಮಾಡಬೇಕಾಗುತ್ತದೆ. ಆ ಅರ್ಧ ಯಾವುದು, ಅದನ್ನು ಏಕೆ ಮಾಡಬೇಕು ಎಂಬುದನ್ನು ಕ್ರಮವಾಗಿ ತಿಳಿದುಕೊಳ್ಳೋಣ.

1. ಮಜ್ಜೆ ಎಂದರೇನು?

ನಮ್ಮ ಸೊಂಟದ ಎಲುಬು, ಎದೆಯ ಎಲುಬು ಮುಂತಾದವುಗಳ ಒಳಗೆ ಮೆತ್ತಗಿನ ಕೆಂಪು ಪದಾರ್ಥವಿದೆ. ಅದೇ ಮಜ್ಜೆ. ಬೆನ್ನುಹುರಿ ಬೇರೆ, ಮಜ್ಜೆ ಬೇರೆ. ಇವೆರಡನ್ನೂ ಒಂದೆಂದು ತಿಳಿದು, ಮಜ್ಜೆ ಕೊಟ್ಟವನು ಕಾಲು ಸೋತು ಬೀಳುತ್ತಾನೆಂದು ಹೆದರುವುದು ತಪ್ಪು. ಮಜ್ಜೆಯಲ್ಲಿ ಆಕರಕೋಶಗಳೆಂಬ ಸೂಕ್ಷ್ಮ ಕಣಗಳಿವೆ. ಡಾಕ್ಟರರು ಸ್ಟೆಮ್ ಸೆಲ್ ಎನ್ನುವುದು ಇವನ್ನೇ. ರಕ್ತದ ಮೂರು ಬಗೆಯ ಕಣಗಳು ಇವುಗಳಿಂದಲೇ ಹುಟ್ಟುತ್ತವೆ. ಕೆಂಪು ಕಣಗಳು ಪ್ರಾಣವಾಯುವನ್ನು ಹೊರುತ್ತವೆ. ಬಿಳಿ ಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಪ್ಲೇಟ್‌ಲೆಟ್ ಎಂಬ ಕಣಗಳು ರಕ್ತಸ್ರಾವವನ್ನು ತಡೆಯುತ್ತವೆ.

ಕಸಿಯಲ್ಲಿ ಎರಡು ವಿಧ. ರೋಗಿಯ ಆಕರಕೋಶಗಳನ್ನೇ ಮೊದಲು ತೆಗೆದಿಟ್ಟು, ಬಲವಾದ ಔಷಧ ಕೊಟ್ಟ ಮೇಲೆ ಅವನಿಗೇ ಹಿಂದಕ್ಕೆ ಕೊಡುವುದು ಒಂದು. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೆ ಹೆಚ್ಚಾಗಿ ಮಾಡುವುದು ಇದನ್ನೇ. ಬೇರೊಬ್ಬರ ಆಕರಕೋಶಗಳನ್ನು ಕೊಡುವುದು ಇನ್ನೊಂದು. ಇದಕ್ಕೆ ಎಚ್.ಎಲ್.ಎ. ಎಂಬ ಗುರುತುಗಳು ಹೊಂದಬೇಕು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ತಂದೆ, ತಾಯಿ, ಮಕ್ಕಳು ಅರ್ಧದಷ್ಟು ಹೊಂದುತ್ತಾರೆ; ಅಂತಹವರಿಂದಲೂ ಈಗ ಕಸಿ ಸಾಧ್ಯ. ರಕ್ತದ ಗುಂಪು ಒಂದೇ ಆಗಿರಬೇಕೆಂದಿಲ್ಲ. ಕಸಿ ಹಿಡಿದ ಮೇಲೆ ರೋಗಿಯ ರಕ್ತದ ಗುಂಪೇ ಬದಲಾಗಿ, ಕೊಟ್ಟವರ ಗುಂಪಾಗುವುದೂ ಉಂಟು!

ಇಲ್ಲಿ ಒಂದು ಮಾತು. ಕಸಿಗೆ ಮೊದಲು ರೋಗಿಗೆ ರಕ್ತ ಬೇಕಾದಾಗ ಮನೆಯವರೇ ಮುಂದೆ ಬರುವುದು ಸಹಜ. ಆದರೆ ಮುಂದೆ ಮಜ್ಜೆ ಕೊಡಬೇಕಾಗಿ ಬರಬಹುದಾದ ಅಣ್ಣತಮ್ಮಂದಿರೂ ಇತರ ರಕ್ತಸಂಬಂಧಿಗಳೂ ಆ ರೋಗಿಗೆ ರಕ್ತ ಕೊಡಬಾರದು. ಕೊಟ್ಟರೆ ರೋಗಿಯ ದೇಹವು ಅವರ ಕಣಗಳನ್ನು ವೈರಿಗಳೆಂದು ಮೊದಲೇ ಗುರುತಿಟ್ಟುಕೊಂಡು, ಅನಂತರ ಅವರ ಮಜ್ಜೆಯನ್ನು ತಳ್ಳಿಬಿಡುವ ಅಪಾಯವಿದೆ. ಇಂತಹ ಸಮಯದಲ್ಲಿ ಸಂಬಂಧಿಕರಲ್ಲದ ನೆರೆಹೊರೆಯ ತರುಣರು ರಕ್ತವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೊಡಲು ಮುಂದಾದರೆ ಅದು ದೊಡ್ಡ ಉಪಕಾರ.

2. ಹಿಂದೆ ನಡೆದುದು

1956ರಲ್ಲಿ ಅಮೆರಿಕದ ಡಾಕ್ಟರ್ ಡೊನಾಲ್ ಥಾಮಸ್ ಅವರು ರಕ್ತದ ಕ್ಯಾನ್ಸರ್ ರೋಗಿಯೊಬ್ಬನಿಗೆ ಅವನ ತದ್ರೂಪಿ ಅವಳಿಯ ಮಜ್ಜೆಯನ್ನು ಕೊಟ್ಟರು, ಅದು ಹಿಡಿಯಿತು. 1958ರಲ್ಲಿ ಯುಗೋಸ್ಲಾವಿಯದ ವಿಂಚಾ ಎಂಬಲ್ಲಿ ಅಣುಸ್ಥಾವರದ ಅಪಘಾತವಾದಾಗ, ವಿಕಿರಣಕ್ಕೆ ಸಿಕ್ಕಿದವರಲ್ಲಿ ಐವರಿಗೆ ಪ್ಯಾರಿಸ್ಸಿನಲ್ಲಿ ಜಾರ್ಜ್ ಮಾತೆ ಅವರು ಮಜ್ಜೆ ಕೊಟ್ಟರು. ಅವರಲ್ಲಿ ನಾಲ್ವರು ಬದುಕಿದರು. ಆದರೆ 1960ರ ದಶಕದಲ್ಲಿ ತದ್ರೂಪಿ ಅವಳಿಗಳಲ್ಲದವರಿಗೆ ಮಾಡಿದ ಕಸಿಗಳಲ್ಲಿ ಹೆಚ್ಚಿನವು ವಿಫಲವಾದವು. ಎಷ್ಟೋ ಸಲ ಕಸಿ ಹಿಡಿಯುತ್ತಿತ್ತು. ರೋಗಿ ಮಾತ್ರ ಅನಂತರ ಬಂದ ಸೋಂಕಿನಿಂದಲೋ, ಕಸಿಯೇ ದೇಹದ ಮೇಲೆ ತಿರುಗಿಬಿದ್ದುದರಿಂದಲೋ ಸಾಯುತ್ತಿದ್ದ. ಹಲವು ವೈದ್ಯರು ಈ ಪ್ರಯತ್ನವನ್ನೇ ಕೈಬಿಟ್ಟರು.

ಥಾಮಸ್ ಅವರ ತಂಡ ಬಿಡಲಿಲ್ಲ. ಫ್ರಾನ್ಸಿನ ಜಾನ್ ದೊಸೆ ಅವರು 1958ರಲ್ಲಿ ಮೊದಲ ಎಚ್.ಎಲ್.ಎ. ಗುರುತನ್ನು ಕಂಡುಹಿಡಿದಿದ್ದರು, ಮುಂದೆ ಗುರುತುಗಳನ್ನು ಹೊಂದಿಸಿ ದಾನಿಗಳನ್ನು ಆರಿಸುವುದು ಸಾಧ್ಯವಾಯಿತು. ಸೈಕ್ಲೋಸ್ಪೋರಿನ್, ಮೆಥೋಟ್ರೆಕ್ಸೇಟ್ ಎಂಬ ಎರಡು ಔಷಧಗಳನ್ನು ಜೊತೆಯಾಗಿ ಕೊಟ್ಟರೆ ಒಂದನ್ನೇ ಕೊಡುವುದಕ್ಕಿಂತ ಹೆಚ್ಚು ಗುಣವೆಂಬುದು 1986ರಲ್ಲಿ ಸಿದ್ಧವಾಯಿತು. 1990ರಲ್ಲಿ ಥಾಮಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಭಾರತದಲ್ಲಿ 1983ರಲ್ಲಿ ನಮ್ಮ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾಕ್ಟರ್ ಸುರೇಶ ಅಡ್ವಾಣಿಯವರು ಈ ಕಸಿಯನ್ನು ಮಾಡಿದರು. 1986ರಲ್ಲಿ ವೆಲ್ಲೂರಿನಲ್ಲಿ ಆರಂಭವಾಯಿತು. ಈಗ ಬೆಂಗಳೂರೂ ಸೇರಿ ಅನೇಕ ನಗರಗಳಲ್ಲಿ ನಡೆಯುತ್ತಿದೆ.

ಇದರಿಂದ ತಿಳಿಯುವುದೇನು? ಮಜ್ಜೆಯನ್ನು ಕೊಡುವ ಬಗೆ ಅಂದಿಗೂ ಇಂದಿಗೂ ಬಹಳ ಬೇರೆಯಲ್ಲ. ಬೇರೆಯಾದುದು ತೊಡಕುಗಳನ್ನು ಮೊದಲೇ ಕಂಡು ತಡೆಯುವ ವಿದ್ಯೆ. ಇಂದು ಬದುಕಿ ಮನೆಗೆ ಹೋಗುವವರು ಆ ವಿದ್ಯೆಯಿಂದ ಬದುಕುತ್ತಾರೆ.

3. ಮೊದಲ ತಿಂಗಳು: ಬರಿದಾದ ಗದ್ದೆ

ನಾಟಿಗೆ ಮೊದಲು ಗದ್ದೆಯನ್ನು ಉತ್ತು, ಹಳೆಯ ಕಳೆಯನ್ನೆಲ್ಲ ಕೊಳೆಸುತ್ತೇವಷ್ಟೆ. ಹಾಗೆಯೇ ಕಸಿಗೆ ಮೊದಲು ಬಲವಾದ ಔಷಧಗಳಿಂದ, ಕೆಲವೊಮ್ಮೆ ವಿಕಿರಣದಿಂದ, ಹಳೆಯ ಮಜ್ಜೆಯನ್ನು ನಾಶಮಾಡುತ್ತಾರೆ. ಅನಂತರ ಆಕರಕೋಶಗಳನ್ನು ರಕ್ತ ಕೊಡುವಂತೆಯೇ ನಳಿಕೆಯ ಮೂಲಕ ರಕ್ತನಾಳಕ್ಕೆ ಬಿಡುತ್ತಾರೆ. ಅವು ತಾವಾಗಿ ಎಲುಬುಗಳ ಒಳಗೆ ಹೋಗಿ ನೆಲಸುತ್ತವೆ. ಬೇರು ಹಿಡಿಯಲು ಸುಮಾರು ಎರಡರಿಂದ ನಾಲ್ಕು ವಾರ ಬೇಕು. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಒಂದು ಮೈಕ್ರೊಲೀಟರ್ ರಕ್ತದಲ್ಲಿ 500ಕ್ಕೆ ಏರಿ, ಮೂರು ದಿನ ಹಾಗೆಯೇ ನಿಂತರೆ ಕಸಿ ಹಿಡಿಯಿತೆಂದು ಲೆಕ್ಕ.

ಅದುವರೆಗೆ ಗದ್ದೆ ಬರಿದು. ಬಿಳಿ ಕಣಗಳಿಲ್ಲದ ಕಾರಣ, ನಮ್ಮೆಲ್ಲರ ಬಾಯಲ್ಲಿ, ಕರುಳಿನಲ್ಲಿ, ಚರ್ಮದ ಮೇಲೆ ಸದಾ ಇರುವ ಸಾಮಾನ್ಯ ರೋಗಾಣುಗಳೇ ರಕ್ತಕ್ಕೆ ನುಗ್ಗುತ್ತವೆ. ಆದಕಾರಣ ರೋಗಿಯನ್ನು ಶೋಧಿಸಿದ ಗಾಳಿಯಿರುವ ಪ್ರತ್ಯೇಕ ಕೋಣೆಯಲ್ಲಿ ಇಡುತ್ತಾರೆ. ಹೋಗಿ ಬರುವವರು ಕೈ ತೊಳೆಯಲೇಬೇಕು. ಬೂಷ್ಟಿನ ಸೋಂಕಿಗೆ ಫ್ಲುಕೊನಜೋಲ್ ಅಥವಾ ಪೊಸಕೊನಜೋಲ್, ಬಾಯಿಯ ಸರ್ಪಿಣಿ ಮತ್ತು ಸರ್ಪಸುತ್ತಿನ ವೈರಸ್ಸುಗಳಿಗೆ ಅಸೈಕ್ಲೋವಿರ್ ಕೊಡುತ್ತಾರೆ. ಇವು ರೋಗ ಬಂದ ಮೇಲಿನ ಮದ್ದಲ್ಲ, ಬಾರದಂತೆ ಕೊಡುವ ಮದ್ದು. ಜ್ವರ ಬಂದರಂತೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಒಂದು ಗಂಟೆಯೊಳಗೆ ಬಲವಾದ ಆಂಟಿಬಯಾಟಿಕ್ ಆರಂಭಿಸುತ್ತಾರೆ.

ಬಾಯಿ ಗಂಟಲುಗಳ ಹುಣ್ಣು ಈ ಕಾಲದ ಇನ್ನೊಂದು ಕಷ್ಟ. ಮೆಲ್ಫಲಾನ್ ಎಂಬ ಔಷಧ ಕೊಡುವಾಗ ಮಂಜುಗಡ್ಡೆಯ ಚೂರುಗಳನ್ನು ಬಾಯಲ್ಲಿಟ್ಟುಕೊಂಡರೆ ಅಲ್ಲಿಯ ರಕ್ತನಾಳಗಳು ಕುಗ್ಗಿ, ಔಷಧ ಕಡಮೆ ತಲಪಿ, ಹುಣ್ಣು ಕಡಮೆಯಾಗುತ್ತದೆ. ಪ್ಲೇಟ್‌ಲೆಟ್‌ಗಳು 10,000ಕ್ಕಿಂತ ಕೆಳಗಿಳಿದರೆ ಹೊರಗಿನಿಂದ ಕೊಡುತ್ತಾರೆ. ಆ ರಕ್ತಕ್ಕೆ ಮೊದಲು ವಿಕಿರಣ ಹಾಯಿಸುತ್ತಾರೆ. ಇಲ್ಲವಾದರೆ ಅದರೊಳಗಿನ ಅನ್ಯರ ಬಿಳಿ ಕಣಗಳು ರೋಗಿಯ ದೇಹದಲ್ಲಿ ಬೇರೂರಿ ಹಾವಳಿ ಮಾಡಬಹುದು.

ರೋಗಿಯನ್ನು ದಿನವೂ ತೂಗುವುದನ್ನು ನೋಡಿ ಕೆಲವರು ಆಶ್ಚರ್ಯಪಡುತ್ತಾರೆ. ಔಷಧಗಳ ಉಗ್ರತೆಯಿಂದ ಯಕೃತ್ತಿನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುವ ಒಂದು ತೊಡಕುಂಟು. ತೂಕ ಫಕ್ಕನೆ ಏರುವುದು, ಹೊಟ್ಟೆಯ ಬಲಭಾಗ ನೋಯುವುದು, ಕಣ್ಣು ಹಳದಿಯಾಗುವುದು ಅದರ ಲಕ್ಷಣಗಳು. ಅದು ಬಾರದಂತೆ ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ತೀವ್ರವಾಗಿ ಬಂದರೆ ಡಿಫೈಬ್ರೊಟೈಡ್ ಎಂಬ ಔಷಧವಿದೆ.

4. ನೂರನೆಯ ದಿನದವರೆಗೆ: ಕಸಿ ತಿರುಗಿ ಬಿದ್ದಾಗ

ಕಸಿ ಹಿಡಿದ ಮೇಲೆ ರೋಗಿ ಮನೆಗೆ ಬರುತ್ತಾನೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ನಮ್ಮ ಪಾಲಿನ ಅರ್ಧ ಕೆಲಸ ಶುರುವಾಗುವುದು ಇಲ್ಲಿಯೇ.

ಬೇರೊಬ್ಬರಿಂದ ಬಂದ ಬಿಳಿ ಕಣಗಳಿಗೆ ಈ ದೇಹವೇ ಪರಕೀಯ. ಅವು ಇದರ ಮೇಲೆಯೇ ಯುದ್ಧಕ್ಕೆ ನಿಲ್ಲುತ್ತವೆ. ಮಾವಿನ ಗಿಡಕ್ಕೆ ಕಟ್ಟಿದ ಕಸಿಕೊಂಬೆ ತಾಯಿಗಿಡವನ್ನೇ ತಿನ್ನತೊಡಗಿದ ಹಾಗೆ. ಡಾಕ್ಟರರು ಇದನ್ನು ಜಿ.ವಿ.ಎಚ್.ಡಿ. ಎನ್ನುತ್ತಾರೆ. ಸ್ವಂತ ಆಕರಕೋಶಗಳನ್ನೇ ಪಡೆದವರಿಗೆ ಸಾಮಾನ್ಯವಾಗಿ ಈ ಭಯವಿಲ್ಲ. ಇತರರಲ್ಲಿ ಅದು ಮೊದಲು ಮೂರು ಕಡೆ ತೋರುತ್ತದೆ. ಚರ್ಮದಲ್ಲಿ: ಅಂಗೈ, ಅಂಗಾಲು, ಕಿವಿಗಳಲ್ಲಿ ಕೆಂಪು ದದ್ದು. ಕರುಳಿನಲ್ಲಿ: ಮೇಲಿಂದ ಮೇಲೆ ನೀರಿನಂತಹ ಭೇದಿ, ನುಲಿತ. ಯಕೃತ್ತಿನಲ್ಲಿ: ಕಾಮಾಲೆ.

ಇದನ್ನು ತಡೆಯಲು ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ಮಾತ್ರೆಗಳನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ಅರ್ಧ ಹೊಂದುವ ದಾನಿಯಿದ್ದಾಗ ಕಸಿಯ ಮೂರು ನಾಲ್ಕನೆಯ ದಿನಗಳಲ್ಲಿ ಸೈಕ್ಲೋಫಾಸ್ಫಮೈಡ್ ಕೊಡುವ ಪದ್ಧತಿಯಿದೆ. ಆದರೂ ರೋಗ ತೋರಿದರೆ, ಚರ್ಮಕ್ಕಷ್ಟೇ ಸೌಮ್ಯವಾಗಿ ಬಂದುದಕ್ಕೆ ಹಚ್ಚುವ ಮುಲಾಮು, ಹೆಚ್ಚಾದರೆ ಸ್ಟೀರಾಯ್ಡ್, ಅದಕ್ಕೂ ಬಗ್ಗದಿದ್ದರೆ ರುಕ್ಸೋಲಿಟಿನಿಬ್. ಈ ಕೊನೆಯ ಔಷಧಕ್ಕೆ ಅಮೆರಿಕದಲ್ಲಿ ಈ ರೋಗಕ್ಕಾಗಿ ಅನುಮತಿ ದೊರೆತುದು 2019ರಲ್ಲಿ. ದದ್ದು ಕಂಡ ದಿನವೇ ಹೋದವನಿಗೂ, ಭೇದಿಯಾಗಿ ವಾರ ಕಳೆದು ಹೋದವನಿಗೂ ಸಿಗುವ ಫಲ ಒಂದೇ ಆಗಿರಲಾರದು.

ಮಾತ್ರೆಯ ವಿಷಯದಲ್ಲಿ ಮೂರು ನಿಯಮಗಳನ್ನು ಮರೆಯಬಾರದು. ಒಂದನೆಯದು, ಚೆನ್ನಾಗಿದ್ದೇನೆಂದು ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು, ಚೆನ್ನಾಗಿರುವುದು ಮಾತ್ರೆಯಿಂದಲೇ. ಸ್ಟೀರಾಯ್ಡನ್ನು ಒಮ್ಮೆಲೇ ಬಿಡುವುದಂತೂ ಪ್ರಾಣಾಪಾಯ. ಎರಡನೆಯದು, ರಕ್ತದಲ್ಲಿ ಸೈಕ್ಲೋಸ್ಪೋರಿನ್ ಎಷ್ಟಿದೆಯೆಂದು ಅಳೆಯುವ ದಿನ ಬೆಳಗಿನ ಮಾತ್ರೆಯನ್ನು ಮನೆಯಲ್ಲಿ ನುಂಗದೆ ಜೊತೆಗೆ ಒಯ್ದು, ರಕ್ತ ಕೊಟ್ಟ ಮೇಲೆ ನುಂಗಬೇಕು. ಮೊದಲೇ ನುಂಗಿದರೆ ಅಳತೆ ಹೆಚ್ಚಾಗಿ ತೋರಿ, ಔಷಧವನ್ನು ಕಡಮೆ ಮಾಡಿಬಿಡುವ ಸಂಭವವಿದೆ. ಮೂರನೆಯದು, ಚಕ್ಕೋತದ ಹಣ್ಣನ್ನು ತಿನ್ನಬಾರದು. ಅದು ಈ ಔಷಧದ ಪ್ರಮಾಣವನ್ನು ರಕ್ತದಲ್ಲಿ ಏರಿಸಿ ಮೂತ್ರಪಿಂಡಗಳಿಗೆ ಕೇಡು ಮಾಡಬಹುದು. ನಾಟಿ ಮದ್ದು, ಕಷಾಯ, ಪುಡಿಗಳನ್ನೂ ಡಾಕ್ಟರರನ್ನು ಕೇಳದೆ ಕೊಡಬಾರದು. ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಆದ ಹಾನಿಯನ್ನು 2021ರಲ್ಲಿ ಮುಂಬಯಿಯ ವೈದ್ಯರೇ ವರದಿ ಮಾಡಿದ್ದಾರೆ.

ಈ ಅವಧಿಯಲ್ಲಿ ಸೈಟೊಮೆಗಲೊ ಎಂಬ ವೈರಸ್ ತಲೆಯೆತ್ತುತ್ತದೆ. ನಮ್ಮ ದೇಶದ ಹೆಚ್ಚಿನವರ ದೇಹದಲ್ಲಿ ಇದು ಬಾಲ್ಯದಿಂದಲೇ ನಿದ್ರಿಸುತ್ತಿರುತ್ತದೆ. ವಾರವಾರ ರಕ್ತ ಪರೀಕ್ಷಿಸಿ, ಲಕ್ಷಣ ತೋರುವ ಮೊದಲೇ ಗ್ಯಾನ್ಸೈಕ್ಲೋವಿರ್ ಕೊಟ್ಟು ಅಡಗಿಸುತ್ತಾರೆ. ಆದುದರಿಂದ ರೋಗಿ ಗಟ್ಟಿಮುಟ್ಟಾಗಿ ಕಂಡರೂ ವಾರದ ಪರೀಕ್ಷೆಯನ್ನು ತಪ್ಪಿಸಬಾರದು. ಒಂದು ಬಗೆಯ ನ್ಯುಮೋನಿಯಾ ಬಾರದಂತೆ ಕೊಡುವ ಕೋಟ್ರೈಮೊಕ್ಸಜೋಲ್ ಮಾತ್ರೆಗೂ ಇದೇ ಮಾತು.

5. ಬಿಡಾರದಲ್ಲಿ ಆರೈಕೆ

ಮೊದಲ ನೂರು ದಿನ ಆಸ್ಪತ್ರೆಗೆ ಒಂದು ಗಂಟೆಯೊಳಗೆ ತಲಪುವಂತಹ ಸ್ಥಳದಲ್ಲಿರುವುದು ಉತ್ತಮ. ಮಳೆಗಾಲದಲ್ಲಿ ಹಳಿಗಳ ಮೇಲೆ ನೀರು ನಿಂತು ಲೋಕಲ್ ಗಾಡಿ ನಿಲ್ಲುವ ಈ ಊರಿನಲ್ಲಿ ದೂರದ ಉಪನಗರದ ಮನೆಗಿಂತ ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯೇ ಮೇಲಾಗಬಹುದು. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಸತಿ, ಹಣಸಹಾಯಗಳನ್ನು ಕುರಿತು ಚಿಕಿತ್ಸೆಗೆ ಮೊದಲೇ ವಿಚಾರಿಸಬೇಕು. ಕೈ ಬರಿದಾದ ಮೇಲೆ ಅಲ್ಲ.

ಒಂದೇ ಕೋಣೆಯಿದ್ದರೆ ಅದರ ಒಂದು ಮೂಲೆಯನ್ನು ರೋಗಿಗೆ ಬಿಡಿ. ಪ್ರತ್ಯೇಕ ಹಾಸಿಗೆ, ಸೊಳ್ಳೆಪರದೆ, ಪ್ರತ್ಯೇಕ ಟವಲು ಇರಲಿ. ಎಲ್ಲರೂ ಸಾಬೂನಿನಿಂದ ಕೈ ತೊಳೆಯಲಿ. ಸಾವಿರ ರೂಪಾಯಿಯ ಔಷಧ ಮಾಡುವ ಕೆಲಸವನ್ನು ಒಂದು ಸಾಬೂನು ಮಾಡುತ್ತದೆ. ನೆಗಡಿ ಕೆಮ್ಮು ಇರುವವರು, ಸೀತಾಳೆ ಸಿಡುಬು ಎದ್ದ ಮಕ್ಕಳು ಹತ್ತಿರ ಬರಬಾರದು. ನೋಡಲು ಬರುವ ಬಂಧುಗಳಿಗೆ ಬಾಗಿಲಲ್ಲಿಯೇ ನಮಸ್ಕಾರ ಹೇಳಿ ಕಳುಹಿಸುವುದು ಅವಮರ್ಯಾದೆಯಲ್ಲ.

ಬಾಲ್ಕನಿಯಲ್ಲಿ ಪಾರಿವಾಳಗಳು ಕೂಡುತ್ತಿದ್ದರೆ ಅವುಗಳ ಹಿಕ್ಕೆಯಿಂದ ಬೂಷ್ಟಿನ ಸೋಂಕು ಬರಬಹುದು. ರೋಗಿಯಿಲ್ಲದ ವೇಳೆಯಲ್ಲಿ ಬೇರೆಯವರು ಅದನ್ನು ನೀರು ಹಾಕಿ ನೆನೆಸಿ ತೆಗೆಯಲಿ, ಒಣಗಿದುದನ್ನು ಗುಡಿಸಬಾರದು. ಕಟ್ಟಡ ಕೆಡವುವ, ಕಟ್ಟುವ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಿಡಿಯುವ ಬೂಷ್ಟು ಇರುತ್ತದೆ. ಹೂವಿನ ಕುಂಡ, ತುಳಸಿಯ ಮಣ್ಣುಗಳನ್ನು ರೋಗಿ ಮುಟ್ಟದಿರಲಿ.

ಅಡಿಗೆ ಹೊಸದಾಗಿ, ಬಿಸಿಯಾಗಿ ಇರಬೇಕು. ನೀರು ಕುದಿಸಿ ಆರಿದುದಾಗಿರಬೇಕು. ಹಸಿ ಕೋಸಂಬರಿ, ಕೈಗಾಡಿಯ ಕತ್ತರಿಸಿದ ಹಣ್ಣು, ಕಬ್ಬಿನ ಹಾಲು, ಪಾನಿಪುರಿ, ಹೋಟೆಲಿನ ಚಟ್ನಿ ಬೇಡ. ಬಾಳೆಯ ಹಣ್ಣು, ಕಿತ್ತಳೆಗಳನ್ನು ತೊಳೆದು, ಮನೆಯಲ್ಲೇ ಸುಲಿದು ಕೊಡಬಹುದು. ಮೊಸರಿನ ವಿಷಯದಲ್ಲಿ ಆಸ್ಪತ್ರೆಯವರು ಹೇಳಿದಂತೆ ನಡೆಯಿರಿ. ಪಥ್ಯದ ಹೆಸರಿನಲ್ಲಿ ರೋಗಿಯನ್ನು ಉಪವಾಸ ಕೆಡವಬಾರದು. ಬೇಳೆ, ಬೇಯಿಸಿದ ಮೊಟ್ಟೆ ಮುಂತಾದವು ಶಕ್ತಿಗೆ ಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಜ್ವರ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ತೋರಿದರೆ ರಾತ್ರಿಯಾಗಲಿ ಹಬ್ಬವಾಗಲಿ ಆಗಲೇ ಆಸ್ಪತ್ರೆಗೆ ಹೊರಡಬೇಕು. ಮೊದಲು ಪ್ಯಾರಾಸಿಟಮಾಲ್ ನುಂಗಿಸಿ ನೋಡೋಣವೆಂದರೆ ಜ್ವರ ಮರೆಯಾಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವಕ್ಕೂ ಮೂತ್ರಪಿಂಡದ ಹಾನಿಗೂ ಕಾರಣವಾಗಬಹುದು. ಓಣಿಯ ದವಾಖಾನೆಯಲ್ಲಿ ಸೂಜಿ ಹಾಕಿಸುವುದೂ ಬೇಡ. ಉಸಿರುಕಟ್ಟುವಿಕೆ, ಹೊಸ ದದ್ದು, ಭೇದಿ, ಕಾಮಾಲೆ, ರಕ್ತಸ್ರಾವ, ನಳಿಕೆಯ ಸುತ್ತ ಕೆಂಪಾಗುವುದು ಇವುಗಳಿಗೂ ಇದೇ ನಿಯಮ.

ನಮ್ಮಲ್ಲಿ ಗುಮಾಸ್ತೆಯ ಕೆಲಸದವರು ಬಹಳ. ದಿನವಹಿ ಬರೆಯುವುದು ನಮಗೆ ಹೊಸದಲ್ಲ. ರೋಗಿಗಾಗಿ ಒಂದು ಪುಸ್ತಕವಿಡಿ. ದಿನಕ್ಕೆ ಎರಡು ಸಲ ಜ್ವರದ ಅಳತೆ, ಬೆಳಗಿನ ತೂಕ, ಎಷ್ಟು ಸಲ ಭೇದಿ, ಯಾವ ಮಾತ್ರೆ ಎಷ್ಟು ಗಂಟೆಗೆ, ಇಷ್ಟನ್ನು ಬರೆದರೆ ಸಾಕು. ಊರಿನಿಂದ ಬಂದವರು ಸಂಕೋಚದಿಂದ “ಹೊಟ್ಟೆ ಸ್ವಲ್ಪ ಸರಿಯಿಲ್ಲ” ಎಂದು ಬಿಡುತ್ತಾರೆ. ದುಭಾಷಿಯಾದವನು ಅದನ್ನೇ ಹಿಂದಿಯಲ್ಲಿ ಹೇಳಿದರೆ ಡಾಕ್ಟರರಿಗೆ ಏನೂ ತಿಳಿಯುವುದಿಲ್ಲ. “ನಿನ್ನೆಯಿಂದ ಎಂಟು ಸಲ, ನೀರಿನಂತೆ” ಎಂದರೆ ತಿಳಿಯುತ್ತದೆ. ಆ ಪುಸ್ತಕವೇ ರೋಗಿಯ ನಾಲಿಗೆ.

6. ನೂರು ದಿನ ಕಳೆದ ಮೇಲೆ

ಡಾಕ್ಟರರು ಒಪ್ಪಿದ ಮೇಲೆ ಊರಿಗೆ ಹೋಗಬಹುದು. ಆದರೆ ಹೊಸ ಬಿಳಿ ಕಣಗಳು ಪೂರ್ತಿ ಪಳಗಲು ಒಂದು ವರ್ಷ, ಕೆಲವರಿಗೆ ಎರಡು ವರ್ಷ ಬೇಕು. ಸುಗ್ಗಿಯ ಕಣ, ಹುಲ್ಲಿನ ಬಣವೆ, ದನದ ಕೊಟ್ಟಿಗೆ, ಗೊಬ್ಬರದ ಗುಂಡಿ ಇವುಗಳ ಧೂಳಿನಿಂದ ರೋಗಿ ದೂರವಿರಬೇಕು. ಬಿಸಿಲು ಚರ್ಮದ ಜಿ.ವಿ.ಎಚ್.ಡಿ.ಯನ್ನು ಕೆರಳಿಸುವುದರಿಂದ ಕೊಡೆ, ತುಂಬುತೋಳಿನ ಅಂಗಿ ಇರಲಿ.

ದೀರ್ಘಕಾಲದ ಜಿ.ವಿ.ಎಚ್.ಡಿ. ಮೆಲ್ಲನೆ ಬರುತ್ತದೆ. ಮೊನ್ನೆಯವರೆಗೆ ಉಣ್ಣುತ್ತಿದ್ದ ಸಾರಿನ ಖಾರ ಬಾಯಿಗೆ ಉರಿಯಾಗುವುದು, ಕಣ್ಣಿನಲ್ಲಿ ಮರಳು ಬಿದ್ದಂತಾಗುವುದು, ಚರ್ಮ ಬಿಗಿಯುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಇವು ವಯಸ್ಸಿನ ದೋಷಗಳಲ್ಲ, ತೋರಿಸಬೇಕಾದ ಲಕ್ಷಣಗಳು. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆಯೂ ಆಗಬೇಕು.

ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ಫಲ ಕಸಿಯೊಡನೆ ಅಳಿಸಿಹೋಗುತ್ತದೆ. ಆರು ತಿಂಗಳಿನಿಂದ ಒಂದು ವರ್ಷದೊಳಗೆ ಮತ್ತೆ ಆರಂಭಿಸಿ ಹಾಕಿಸಬೇಕು. ದಡಾರದಂತಹ ಜೀವಂತ ಲಸಿಕೆಗಳನ್ನು ಮಾತ್ರ ಎರಡು ವರ್ಷಕ್ಕೆ ಮೊದಲು ಹಾಕಿಸಬಾರದು, ಆಗಲೂ ಜಿ.ವಿ.ಎಚ್.ಡಿ. ಇರಬಾರದು, ರೋಗನಿರೋಧ ಕುಗ್ಗಿಸುವ ಮಾತ್ರೆ ನಿಂತಿರಬೇಕು. ಬೀಡಿ, ತಂಬಾಕು, ಗುಟ್ಕಾ ಪೂರ್ತಿ ವರ್ಜ್ಯ; ಕಸಿಯಾದವರಿಗೆ ಬಾಯಿಯ ಕ್ಯಾನ್ಸರಿನ ಭಯ ಇತರರಿಗಿಂತ ಹೆಚ್ಚು. ಥೈರಾಯ್ಡ್, ಎಲುಬಿನ ಸವೆತ, ಕಣ್ಣಿನ ಪೊರೆ ಇವುಗಳಿಗೆ ವರ್ಷಕ್ಕೊಮ್ಮೆಯಾದರೂ ತಪಾಸಣೆ ಬೇಕು. ಬಲವಾದ ಔಷಧಗಳಿಂದ ಸಂತಾನಶಕ್ತಿ ಹೋಗಬಹುದು. ತರುಣ ರೋಗಿಗಳು ಇದನ್ನು ಕಸಿಗೆ ಮೊದಲೇ ಡಾಕ್ಟರರಲ್ಲಿ ಕೇಳಲಿ, ನಾಚಿಕೊಳ್ಳಬಾರದು.

ಕಸಿ ಮಾಡಿಸಿಕೊಂಡವರೆಲ್ಲ ಉಳಿಯುತ್ತಾರೆಂದು ನಾವು ಹೇಳಲಾರೆವು. ಕೆಲವರಲ್ಲಿ ಮೂಲರೋಗವೇ ಮರಳುತ್ತದೆ. ಕೆಲವು ತೊಡಕುಗಳು ಎಲ್ಲ ಪ್ರಯತ್ನವನ್ನೂ ಮೀರುತ್ತವೆ. ಆದರೆ ತಡಮಾಡಿದ ಜ್ವರದಿಂದ, ಬಿಟ್ಟ ಮಾತ್ರೆಯಿಂದ, ತಪ್ಪಿಸಿದ ಪರೀಕ್ಷೆಯಿಂದ ಯಾರೂ ಸಾಯಬೇಕಾಗಿಲ್ಲ. ಅಷ್ಟನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಮಜ್ಜೆ ಕೊಡಬಹುದಾದ ಸಂಬಂಧಿಕರು ಕಸಿಗೆ ಮೊದಲು ರೋಗಿಗೆ ರಕ್ತವನ್ನು ಏಕೆ ಕೊಡಬಾರದು?
2. ಕಸಿ ಹಿಡಿಯಿತೆಂದು ಹೇಗೆ ತಿಳಿಯುತ್ತಾರೆ?
3. ಜಿ.ವಿ.ಎಚ್.ಡಿ. ಮೊದಲು ತೋರುವ ಮೂರು ಸ್ಥಳಗಳು ಯಾವುವು? ಒಂದೊಂದರ ಲಕ್ಷಣವನ್ನೂ ಹೇಳಿರಿ.
4. ಸೈಕ್ಲೋಸ್ಪೋರಿನ್ ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ಯಾವಾಗ ನುಂಗಬೇಕು? ಏಕೆ?
5. ರಾತ್ರಿ 11 ಗಂಟೆಗೆ ರೋಗಿಗೆ 100.6 ಡಿಗ್ರಿ ಜ್ವರವಿದೆ. ಮನೆಯಲ್ಲಿ ಪ್ಯಾರಾಸಿಟಮಾಲ್ ಇದೆ. ತಾವು ಏನು ಮಾಡುವಿರಿ?